ಒಂದು ಗೋಸುಂಬೆಯ ಶುಶ್ರೂಷೆ

ಈ ಸ್ಮರಣ ಸಂಚಿಕೆಯ ಸಂಪಾದಕವರ್ಗದವರು ಶಾಲೆಯ ಅಭಿವೃದ್ಧಿಯ ವಿಷಯವಾಗಿ ನನ್ನಿಂದ ಒಂದು ಲೇಖನವನ್ನು ಅಪೇಕ್ಷಿಸಿದರು. ಕೊಠಡಿಗಳ ಸಂಖ್ಯೆ, ಪರೀಕ್ಷಾ ಫಲಿತಾಂಶ, ಬಹುಮಾನಗಳು ಇವೆಲ್ಲವೂ ವಾರ್ಷಿಕ ವರದಿಯಲ್ಲಿ ಬಂದೇ ಇರುವುದರಿಂದ, ವರದಿಯಲ್ಲಿ ಸ್ಥಳ ದೊರೆಯದ ಒಬ್ಬ ಅತಿಥಿಯನ್ನು ಕುರಿತು ಬರೆಯಲು ಅವರ ಒಪ್ಪಿಗೆಯನ್ನು ಪಡೆದಿದ್ದೇನೆ. ಆ ಅತಿಥಿಯು ಒಂದು ಗೋಸುಂಬೆ. ಕಳೆದ ವರ್ಷ ದಸರಾ ರಜೆಯು ಮುಗಿದ ಮೇಲೆ ಅದು ನಮ್ಮ ಶಾಲೆಯ ಆವರಣದಲ್ಲಿ ಹನ್ನೊಂದು ದಿನ ರೋಗಿಯಾಗಿ ಇದ್ದಿತು.

ಗೋಸುಂಬೆ ಎಂದೊಡನೆ ನಮ್ಮಲ್ಲಿ ಅನೇಕರು ಬೇಲಿಗೂಟದ ಮೇಲೆ ಕುಳಿತು ತಲೆಯಾಡಿಸುವ ಓತಿಕ್ಯಾತನನ್ನೇ ನೆನೆಯುತ್ತಾರೆ. ಅದು ಬೇರೆ, ಇದು ಬೇರೆ. ನಿಜವಾದ ಗೋಸುಂಬೆಯ ಜಾತಿ ಭಾರತದಲ್ಲಿ ಒಂದೇ ಒಂದು ಉಂಟು. ಅದಕ್ಕೆ ಪ್ರಾಣಿಶಾಸ್ತ್ರದಲ್ಲಿ ಸಿಂಹಳದ ಹೆಸರನ್ನು ಸೇರಿಸಿ ಕ್ಯಾಮಿಲಿಯೋ ಝೈಲಾನಿಕಸ್ ಎಂದು 1768ರಲ್ಲಿ ನಾಮಕರಣವಾಯಿತು. ಪಕ್ಕದಿಂದ ಒತ್ತಿದಂತೆ ಚಪ್ಪಟೆಯಾದ ಮೈ, ತಲೆಯ ಮೇಲೆ ಶಿರಸ್ತ್ರಾಣದಂತಹ ಏಣು, ಕೊಂಬೆಗೆ ಸುತ್ತಿಕೊಳ್ಳುವ ಬಾಲ, ಇಕ್ಕುಳದಂತೆ ಎರಡು ಪಾಲಾದ ಪಾದಗಳು. ಮುಂಗಾಲಿನಲ್ಲಿ ಒಳಗಡೆ ಮೂರು ಬೆರಳು, ಹೊರಗಡೆ ಎರಡು. ಹಿಂಗಾಲಿನಲ್ಲಿ ಇದು ತಿರುಗುಮುರುಗು. ಕಣ್ಣುಗಳು ಸಣ್ಣ ಗೋಪುರಗಳಂತೆ ಹೊರಚಾಚಿದ್ದು, ಒಂದು ಮುಂದಕ್ಕೆ ನೋಡುತ್ತಿರುವಾಗ ಇನ್ನೊಂದು ಹಿಂದಕ್ಕೆ ನೋಡಬಲ್ಲದು. ಪರೀಕ್ಷಾ ಕೊಠಡಿಯಲ್ಲಿ ಮೇಲ್ವಿಚಾರಣೆ ಮಾಡುವ ಉಪಾಧ್ಯಾಯಿನಿಯರು ಈ ಒಂದು ಶಕ್ತಿಯನ್ನು ಬಯಸಿದರೆ ಆಶ್ಚರ್ಯವಿಲ್ಲ!

ಮಾತಿಗೆ ನಿಲ್ಲದ ಮನುಷ್ಯನನ್ನು ಗೋಸುಂಬೆಯೆಂದು ಹಳಿಯುವುದು ನಮ್ಮಲ್ಲಿ ವಾಡಿಕೆ. ಆದರೆ ಈ ಪ್ರಾಣಿಯ ಬಣ್ಣವು ವಂಚನೆಯಲ್ಲ, ಬಹಳ ಮಟ್ಟಿಗೆ ಅದರ ಭಾಷೆ. ಎದುರಾಳಿಯನ್ನು ಕಂಡಾಗ ಒಂದು, ಚಳಿಯಲ್ಲಿ ಬಿಸಿಲನ್ನು ಹೀರಿಕೊಳ್ಳಬೇಕಾದಾಗ ಒಂದು, ನಿದ್ರೆಯಲ್ಲಿ ಮತ್ತೊಂದು. ಮಡಗಾಸ್ಕರ್ ದ್ವೀಪದ ಒಂದು ಜಾತಿಯ ಗೋಸುಂಬೆಯನ್ನು ಪರೀಕ್ಷಿಸಿದ ಜಿನೀವಾ ವಿಶ್ವವಿದ್ಯಾಲಯದ ವಿಜ್ಞಾನಿಗಳು 2015ರಲ್ಲಿ ಇದರ ಕೀಲನ್ನು ತೋರಿಸಿಕೊಟ್ಟರು. ಅದರ ಚರ್ಮದ ಕೋಶಗಳಲ್ಲಿ ಗ್ವಾನೀನ್ ಎಂಬ ವಸ್ತುವಿನ ಅತಿಸೂಕ್ಷ್ಮ ಹರಳುಗಳು ಸಾಲುಗಟ್ಟಿ ನಿಂತಿರುತ್ತವೆ. ಪ್ರಾಣಿಯು ಶಾಂತವಾಗಿದ್ದಾಗ ಅವು ಒತ್ತಾಗಿಯೂ, ಉದ್ರೇಕಗೊಂಡಾಗ ವಿರಳವಾಗಿಯೂ ಆಗಿ, ಬೆಳಕನ್ನು ಬೇರೆ ಬೇರೆ ಬಣ್ಣವಾಗಿ ಹಿಂದಿರುಗಿಸುತ್ತವೆ. ಹೀಗಿರುವಲ್ಲಿ ಮನಸ್ಸಿನ ಸ್ಥಿತಿಯನ್ನು ಮೈಮೇಲೆಯೇ ಬರೆದುಕೊಳ್ಳುವ ಜೀವಿಗೆ ಕಪಟಿಯೆಂಬ ಹೆಸರನ್ನು ಕೊಟ್ಟವರು ಯಾರೋ ತಿಳಿಯದು.

ನಮ್ಮ ಅತಿಥಿಯು ಬಂದ ದಿನ ಅದರ ಮೈಮೇಲಿನ ಬರಹವನ್ನು ಓದಲು ಯಾವ ವಿದ್ಯೆಯೂ ಬೇಕಾಗಿರಲಿಲ್ಲ. ಎಂಟನೆಯ ತರಗತಿಯ ಒಬ್ಬ ಬಾಲಿಕೆಯು, ಸುತ್ತಲಿನ ಹಳ್ಳಿಯಿಂದ ಬಸ್ಸಿನಲ್ಲಿ ಬರುವವಳು, ಸೋಮವಾರ ಬೆಳಗ್ಗೆ ಮಂಕರಿಯೊಂದನ್ನು ಬಟ್ಟೆಯಿಂದ ಮುಚ್ಚಿಕೊಂಡು ವಿಜ್ಞಾನದ ಉಪಾಧ್ಯಾಯಿನಿಯವರ ಬಳಿಗೆ ಬಂದಳು. ಅವರು ಅವಳನ್ನು ನನ್ನ ಕೊಠಡಿಗೆ ಕರೆತಂದರು. ಮಂಕರಿಯಲ್ಲಿ ಒಂದು ಕೊಂಬೆ. ಕೊಂಬೆಯನ್ನು ಅರೆಮನಸ್ಸಿನಿಂದ ಹಿಡಿದ ಗೋಸುಂಬೆ. ಹಸಿರು ಇರಬೇಕಾದಲ್ಲಿ ಮಸಿಗೆ ಹತ್ತಿರದ ಕಂದು ಬಣ್ಣ. ಕಣ್ಣುಗಳು ಗುಳಿ ಬಿದ್ದು, ಹಗಲು ಹತ್ತು ಗಂಟೆಯಲ್ಲಿಯೂ ಮುಚ್ಚಿದ್ದವು. ಹೊಟ್ಟೆ ಮಾತ್ರ ಉಬ್ಬಿತ್ತು.

ಬಾಲಿಕೆಯ ಕಥೆಯು ಚಿಕ್ಕದು. ಅವಳ ಅಣ್ಣನು ಹನ್ನೆರಡು ದಿನಗಳ ಹಿಂದೆ, ಹೊಲಕ್ಕೂ ಕೆರೆಯ ಏರಿಗೂ ನಡುವಿನ ಡಾಂಬರು ರಸ್ತೆಯನ್ನು ಇದು ತೂಗಿ ತೂಗಿ ದಾಟುತ್ತಿರುವುದನ್ನು ಕಂಡು, ಲಾರಿಯ ಗಾಲಿಗೆ ಸಿಕ್ಕೀತೆಂದು ಎತ್ತಿ ತಂದನು. ಹಳೆಯ ಕೋಳಿಪಂಜರದಲ್ಲಿ ಹೊಂಗೆಯ ಕೊಂಬೆಯನ್ನು ನಿಲ್ಲಿಸಿ ಇಬ್ಬರೂ ಅದನ್ನು ಸಾಕಿದರು. ಪಚ್ಚೆ ಎಂದು ಹೆಸರಿಟ್ಟರು. ಮಿಡತೆಗಳನ್ನು ಹಿಡಿದುಕೊಟ್ಟರು, ತಟ್ಟೆಯಲ್ಲಿ ನೀರಿಟ್ಟರು. ಮೊದಲ ನಾಲ್ಕು ದಿನ ಅದು ತಿಂದಿತು. ಆಮೇಲೆ ಪಂಜರದ ತಳಕ್ಕಿಳಿದು ಮೂಲೆಯಿಂದ ಮೂಲೆಗೆ ಅಲೆಯುತ್ತಾ, ತಗಡನ್ನು ಕೆರೆಯತೊಡಗಿತು. ಆಮೇಲೆ ಕೆರೆಯುವುದನ್ನೂ ಬಿಟ್ಟಿತು. ಮನೆಯಲ್ಲಿ ಅಜ್ಜಿಯು ಇದು ಅಪಶಕುನದ ಪ್ರಾಣಿ, ಉಸಿರು ತಾಗಿದರೆ ವಿಷ ಎಂದು ಬೈಯುತ್ತಿದ್ದರಂತೆ. ಗೋಸುಂಬೆಯಲ್ಲಿ ವಿಷವೆಂಬುದು ಇಲ್ಲವೇ ಇಲ್ಲ. ಹೆದರಿದಾಗ ಮೈಯನ್ನು ಉಬ್ಬಿಸಿ ಬಾಯಿ ತೆರೆದು ಬುಸುಗುಡುವುದೇ ಅದರ ದೊಡ್ಡ ಆಯುಧ. “ಮನೇಲಿ ಇದ್ರೆ ಬಿಸಾಕ್ತಾರೆ ಮಿಸ್” ಎಂದು ಹೇಳಿ ಬಾಲಿಕೆಯು ಅತ್ತಳು.

ಇಲ್ಲಿ ನಾನು ಅವಳಿಗೆ ಇನ್ನೊಂದು ಕಹಿ ಮಾತನ್ನು ಹೇಳಬೇಕಾಯಿತು. ನಮ್ಮ ದೇಶದಲ್ಲಿ ಈ ಪ್ರಾಣಿಯನ್ನು ಯಾರೂ ಸಾಕುವಂತಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ರಕ್ಷಣೆ ಅದಕ್ಕುಂಟು. ಕಾಡುಪ್ರಾಣಿಯೊಂದು ಯಾವುದೇ ಕಾರಣದಿಂದ ನಮ್ಮ ಕೈಗೆ ಬಂದರೂ 48 ಗಂಟೆಗಳ ಒಳಗಾಗಿ ಪೊಲೀಸ್ ಠಾಣೆಗೋ ಅಧಿಕಾರಿಗಳಿಗೋ ವರದಿ ಮಾಡಬೇಕು. ಯೆಮನ್ ದೇಶದ ಮತ್ತು ಮಡಗಾಸ್ಕರದ ಕೆಲವು ಜಾತಿಗಳನ್ನು ಹೊರದೇಶಗಳಲ್ಲಿ ಮನೆಗಳಲ್ಲಿಯೇ ಮರಿಮಾಡಿಸಿ ಸಾಕುವವರಿದ್ದಾರೆ. ನಮ್ಮ ಬೇಲಿಯ ಗೋಸುಂಬೆಯ ಸಂಗತಿ ಹಾಗಲ್ಲ. ಪೊಲೀಸ್ ಎಂಬ ಶಬ್ದವನ್ನು ಕೇಳಿದೊಡನೆ ಆ ಮಗುವಿನ ಮುಖವು ಗೋಸುಂಬೆಯಂತೆಯೇ ಬಣ್ಣಗೆಟ್ಟಿತು. ಅವಳ ಕೈ ಹಿಡಿದುಕೊಂಡೇ ಅರಣ್ಯ ಇಲಾಖೆಯ ಕಚೇರಿಗೆ ದೂರವಾಣಿ ಮಾಡಿ, ಅದೇ ದಿನ ಪತ್ರವನ್ನೂ ಕಳುಹಿಸಿದೆನು. ಮಧ್ಯಾಹ್ನ ಬಂದ ಅಧಿಕಾರಿಯವರು ಸೌಮ್ಯ ಸ್ವಭಾವದವರು. ಎಲ್ಲವನ್ನೂ ಕೇಳಿ ಬರೆದುಕೊಂಡು, ಈ ಸ್ಥಿತಿಯಲ್ಲಿ ಜೀಪಿನಲ್ಲಿ ಕುಲುಕಿಸಿದರೆ ದಾರಿಯಲ್ಲಿಯೇ ಹೋದೀತು, ಪಶುವೈದ್ಯರು ನೋಡುವವರೆಗೂ ಇಲ್ಲಿಯೇ ಇರಲಿ ಎಂದರು. ಹಳ್ಳಿಯ ಶಿಬಿರಕ್ಕೆ ಹೋಗಿದ್ದ ವೈದ್ಯರು ಮರುದಿನ ಬರುವವರಿದ್ದರು.

ಆ ಸಂಜೆ ಬಾಲಿಕೆಯನ್ನು ಕರೆದೊಯ್ಯಲು ಸ್ವತಃ ಅಜ್ಜಿಯೇ ಬಂದರು. ಬಾಗಿಲಿನಿಂದ ಆಚೆ ನಿಂತು, ಸೆರಗನ್ನು ಮೂಗಿಗೆ ಒತ್ತಿಕೊಂಡು, ಮಂಕರಿಯೊಳಗೆ ಬಗ್ಗಿ ನೋಡಿದರು. ನೋಡುತ್ತಾ ನೋಡುತ್ತಾ ಸೆರಗು ಕೆಳಗಿಳಿಯಿತು. “ಇದು ಮೊಟ್ಟೆಗೆ ಬಂದೈತೆ ಕಣ್ರಮ್ಮ. ಮಣ್ಣು ಕೇಳ್ತೈತೆ” ಎಂದರು. ಬದುವಿನ ಬುಡದಲ್ಲಿ ಇಂತಹದೊಂದು ತಲೆ ಹುದುಗಿಸಿಕೊಂಡು ಮಣ್ಣು ತೋಡುತ್ತಿದ್ದುದನ್ನು ಅವರು ತಮ್ಮ ಪ್ರಾಯದಲ್ಲಿ ಕಳೆ ಕೀಳುವಾಗ ಕಂಡಿದ್ದರಂತೆ. ಅಂದು ಹೆದರಿ ಓಡಿದವರು ಮರುದಿನ ಹೋಗಿ ನೋಡಿದರೆ, ಅಲ್ಲಿ ಗುಳಿಯೂ ಇಲ್ಲ, ಗುರುತೂ ಇಲ್ಲ.

ಗೋಸುಂಬೆಯು ಮರದಲ್ಲಿ ಹುಟ್ಟಿ ಮರದಲ್ಲಿಯೇ ಬಾಳುವುದೆಂದು ತಿಳಿಯುವುದು ಅರ್ಧ ಸತ್ಯ. ಮೊಟ್ಟೆಯಿಡುವ ಹೆಣ್ಣು ನೆಲಕ್ಕಿಳಿಯಲೇಬೇಕು. ಮೆತ್ತನೆಯ ತೇವದ ಮಣ್ಣನ್ನು ಹುಡುಕಿಕೊಂಡು, ಮರದ ಮೇಲೆ ಅಷ್ಟು ಚತುರವಾದ ಆ ಇಕ್ಕುಳದ ಕಾಲುಗಳಿಂದ ನೆಲದಲ್ಲಿ ತಡವರಿಸುತ್ತಾ ನಡೆದು, ಸುರಂಗ ತೋಡಿ, ಮೊಟ್ಟೆಯಿಟ್ಟು, ಮತ್ತೆ ಮಣ್ಣೆಳೆದು ಮುಚ್ಚಿ ತುಳಿದು ಹೋಗುವುದು. ರಸ್ತೆಯ ಮೇಲೆ ಕಾಣಸಿಗುವ ಗೋಸುಂಬೆಗಳಲ್ಲಿ ಇಂತಹ ತಾಯಂದಿರೂ ಇರುತ್ತವೆ. ಅಣ್ಣನು ದಯೆಯಿಂದ ಎತ್ತಿಕೊಂಡು ಬಂದ ಆ ಹೊತ್ತಿನಲ್ಲಿ ಅದು ಹೊರಟಿದ್ದ ಕೆಲಸ ಅದೇ ಆಗಿತ್ತು. ಕೋಳಿಪಂಜರದ ತಳವು ತಗಡಿನದು.

ಮರುದಿನ ವೈದ್ಯರು ಬೆರಳ ತುದಿಯಿಂದ ಹೊಟ್ಟೆಯನ್ನು ಮೆಲ್ಲನೆ ಮುಟ್ಟಿ ನೋಡಿ, ಅಜ್ಜಿಯ ಮಾತನ್ನೇ ಸ್ಥಿರಪಡಿಸಿದರು. ಒಳಗೆ ಮಣಿಸರದಂತೆ ಮೊಟ್ಟೆಗಳು ಸಿಕ್ಕಿದ್ದವು. ತೋಡಲು ಸ್ಥಳವಿಲ್ಲದ ಹೆಣ್ಣು ಮೊಟ್ಟೆಗಳನ್ನು ತಡೆಹಿಡಿಯುವುದು, ತಡೆಹಿಡಿದಷ್ಟೂ ಬಲಗುಂದುವುದು, ನೀರು ಮತ್ತು ಸುಣ್ಣದ ಅಂಶ, ಎಂದರೆ ಕ್ಯಾಲ್ಸಿಯಂ, ಕಡಿಮೆಯಾದರೆ ಮೊಟ್ಟೆಗಳನ್ನು ಹೊರದೂಡುವ ಸ್ನಾಯುಗಳೂ ಸೋಲುವವು. ಹಾಗೆಯೇ ಬಿಟ್ಟರೆ ಸಾವು. ಶನಿವಾರದೊಳಗೆ ತಾನಾಗಿ ಇಡದಿದ್ದರೆ ಬೆಂಗಳೂರಿಗೆ ಕೊಂಡೊಯ್ದು ಶಸ್ತ್ರಚಿಕಿತ್ಸೆ ಮಾಡಿಸಬೇಕೆಂದೂ, ಇಷ್ಟು ಸೊರಗಿದ ಪ್ರಾಣಿಯು ಅದನ್ನು ತಾಳುವುದು ಕಷ್ಟವೆಂದೂ ಅವರು ಮುಚ್ಚುಮರೆಯಿಲ್ಲದೆ ಹೇಳಿದರು.

ಮೊದಲನೆಯ ಚಿಕಿತ್ಸೆ ನೀರು. ತಟ್ಟೆಯಲ್ಲಿ ನಿಂತ ನೀರನ್ನು ಗೋಸುಂಬೆಯು ನೀರೆಂದು ಅರಿಯುವುದೇ ಇಲ್ಲವೆನ್ನಬಹುದು. ಅದು ಕುಡಿಯುವುದು ಎಲೆಯ ಮೇಲಿನ ಇಬ್ಬನಿಯನ್ನು, ಮಳೆಯ ಹನಿಯನ್ನು. ಆ ಬಾಲಿಕೆಯು ಪ್ರತಿದಿನವೂ ತಟ್ಟೆ ತೊಳೆದು ಹೊಸ ನೀರಿಟ್ಟಿದ್ದಳು. ಆದರೂ ಪ್ರಾಣಿಯು ಬಾಯಾರಿಯೇ ಇದ್ದಿತು. ಬಲವಂತವಾಗಿ ಬಾಯಿಗೆ ಹೊಯ್ಯುವಂತೆಯೂ ಇಲ್ಲ, ನೀರು ಶ್ವಾಸನಾಳಕ್ಕೆ ಇಳಿದೀತು. ನಮ್ಮ ಹತ್ತನೆಯ ತರಗತಿಯ ಬಾಲಿಕೆಯರು ಸಣ್ಣ ಮಣ್ಣಿನ ಕುಡಿಕೆಯೊಂದಕ್ಕೆ ಸೂಜಿಯಷ್ಟು ರಂಧ್ರ ಮಾಡಿ, ಬತ್ತಿ ತೂರಿಸಿ, ಕೊಂಬೆಯ ಮೇಲೆ ನೇತುಹಾಕಿದರು. ಹನಿಗಳು ಒಂದೊಂದಾಗಿ ಎಲೆಯ ಮೇಲೆ ಬಿದ್ದು ತುದಿಗೆ ಜಾರುತ್ತಿದ್ದವು. ಬಹಳ ಹೊತ್ತು ಏನೂ ಆಗಲಿಲ್ಲ. ಆಮೇಲೆ ಒಂದು ಕಣ್ಣು, ಒಂದೇ ಕಣ್ಣು, ತೆರೆಯಿತು. ದವಡೆ ಅಲುಗಿತು. ಆ ಮಧ್ಯಾಹ್ನ ಅದು ಸುಮಾರು ಅರ್ಧ ಗಂಟೆಯವರೆಗೆ ಕುಡಿಯಿತು. ಸುಣ್ಣದ ಔಷಧವನ್ನು ವೈದ್ಯರೇ ಬಂದು ಹನಿಯಾಗಿ ತುಟಿಯ ಅಂಚಿಗೆ ಮುಟ್ಟಿಸಿ ಹೋದರು.

ಎರಡನೆಯದು ಮಣ್ಣು. ಹಳೆಯ ಬಾವಿಯ ಬಳಿ, ದಾಸವಾಳದ ನೆರಳಿನಲ್ಲಿ, ಅಡ್ಡಲಾಗಿ ಕೊಯ್ದ ಕಬ್ಬಿಣದ ಡ್ರಮ್ಮೊಂದನ್ನು ಮಾಲಿಯು ಇರಿಸಿದನು. ಮರಳನ್ನೂ ಕೆಮ್ಮಣ್ಣನ್ನೂ ಬೆರೆಸಿ ಒಂದು ಅಡಿಗೂ ಮಿಕ್ಕಿ ತುಂಬಲಾಯಿತು. ಹಿಡಿಯಲ್ಲಿ ಅದುಮಿದರೆ ಉಂಡೆಯಾಗಬೇಕು, ನೀರು ಜಿನುಗಬಾರದು. ಒಣಗಿದ್ದರೆ ಸುರಂಗ ಕುಸಿಯುವುದು, ಕೆಸರಾದರೆ ಮೊಟ್ಟೆ ಕೊಳೆಯುವುದು. ನಡುವೆ ಕೊಂಬೆಯೊಂದನ್ನು ನೆಟ್ಟು, ಸುತ್ತಲೂ ಗೋಣಿತಾಟನ್ನು ಕಟ್ಟಿದೆವು. ಬೆಳಗಿನ ಬಿಸಿಲು ಒಂದು ಕಡೆಯಿಂದ ಬೀಳುವಂತೆ ಮೇಲ್ಗಡೆ ತಂತಿಬಲೆ ಮಾತ್ರ.

ಮೂರನೆಯದೇ ಎಲ್ಲಕ್ಕಿಂತ ಕಠಿನವಾದ ಚಿಕಿತ್ಸೆ. ಯಾರೂ ನೋಡಬಾರದು. ತನ್ನನ್ನು ನೋಡುತ್ತಿದ್ದಾರೆಂದು ತಿಳಿದರೆ ಗೋಸುಂಬೆಯು ತೋಡುವುದನ್ನು ಅರ್ಧದಲ್ಲಿ ಬಿಟ್ಟುಬಿಡುವುದು, ಮತ್ತೆ ಮೊಟ್ಟೆಗಳನ್ನು ತಡೆಹಿಡಿಯುವುದು. ಕುಡಿಕೆಗೆ ನೀರು ತುಂಬಲು ಮಾಲಿಯು ದಿನಕ್ಕೆ ಎರಡು ಸಾರಿ ಹೋಗಬೇಕು, ಅಷ್ಟೆ. ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ನಾನು ಮಾಡಿಕೊಂಡು ಬಂದ ಉದ್ಯೋಗವೆಲ್ಲ ನೋಡುವುದೇ. ವರಾಂಡದಲ್ಲಿ ನಿಂತು ನೋಡುವುದು, ಕಿಟಕಿಯಿಂದ ನೋಡುವುದು, ನೋಡದಂತೆ ನೋಡುವುದು. ತರಬೇತಿ ಕಾಲೇಜಿನಲ್ಲಿ ನಮಗೆ ಕಲಿಸಿದ್ದೂ ಅದನ್ನೇ. ಈಗ ಶುಲ್ಕ ಮತ್ತು ಸಮವಸ್ತ್ರಗಳ ಸೂಚನೆಗಳ ನಡುವೆ, ಬಾವಿಯ ಕಡೆಗೆ ಯಾರೂ ಕಣ್ಣು ಹಾಕಕೂಡದೆಂಬ ಸೂಚನೆಯನ್ನು ಬರೆದು ಎಲ್ಲ ತರಗತಿಗಳಲ್ಲಿ ಓದಿಸಿದೆನು. ಅದು ಮುಖ್ಯೋಪಾಧ್ಯಾಯಿನಿಗೂ ಅನ್ವಯಿಸುವುದೇ ಎಂದು ಐದನೆಯ ತರಗತಿಯಿಂದ ಪ್ರಶ್ನೆ ಬಂದಿತಂತೆ. ಅನ್ವಯಿಸುವುದೆಂದು ಉತ್ತರ ಕಳುಹಿಸಿದೆನು.

ಬುಧವಾರ ಸಂಜೆ ಮಾಲಿಯು ಬಂದು, ಮೂಲೆಯಲ್ಲಿ ಬೊಗಸೆಯಷ್ಟು ಗುಳಿಯಿದೆ, ಪ್ರಾಣಿ ಕೊಂಬೆಗೆ ಹಿಂದಿರುಗಿ ಕರ್ರಗಾಗಿ ಕುಳಿತಿದೆ ಎಂದನು. ವೈದ್ಯರಿಗೆ ತಿಳಿಸಿದಾಗ ಹತ್ತಿರದಲ್ಲಿ ಏನು ನಡೆಯುತ್ತಿದೆ ಎಂದು ಕೇಳಿದರು. ಹತ್ತಿರದಲ್ಲಿ ನಡೆಯುತ್ತಿದ್ದುದು ಥ್ರೋಬಾಲ್. ಗೋಸುಂಬೆಗೆ ಹೊರಗಿವಿಯ ರಂಧ್ರವಿಲ್ಲ. ನಮ್ಮ ಶಾಲೆಯ ಗಂಟೆಯ ನಾದವು ನಮ್ಮನ್ನು ಕಾಡಿದಷ್ಟು ಅದನ್ನು ಕಾಡದು. ಆದರೆ ನೆಲದ ನಡುಕವನ್ನು ಮೈಯಿಂದಲೇ ಅರಿಯುವುದು, ನೆರಳಿನ ಅಲುಗಾಟವನ್ನು ಕಣ್ಣಿನಿಂದ. ಹತ್ತು ಹೆಜ್ಜೆಗಳಾಚೆ ಹದಿನಾಲ್ಕು ಜನ ಬಾಲಿಕೆಯರು ಹಾರಿ ಇಳಿಯುತ್ತಿದ್ದರೆ ಯಾವ ತಾಯಿ ತಾನೆ ಅಲ್ಲಿ ತೊಟ್ಟಿಲು ಕಟ್ಟುವಳು?

ಅಂಕಣವನ್ನು ಮುಚ್ಚಿಸಿದೆನು. ಶನಿವಾರವೇ ತಾಲ್ಲೂಕು ಮಟ್ಟದ ಪಂದ್ಯ. ತಂಡದ ನಾಯಕಿಯು ನನ್ನ ಮೇಜಿನ ಮುಂದೆ ಬಂದು ನಿಂತು, ತಾವು ಮೂರು ತಿಂಗಳಿಂದ ಅಭ್ಯಾಸ ಮಾಡಿರುವುದನ್ನೂ, ತನಗೆ ಶಾಲೆಯಲ್ಲಿ ಇದೇ ಕೊನೆಯ ವರ್ಷವೆಂಬುದನ್ನೂ ಸ್ಪಷ್ಟವಾಗಿ ಹೇಳಿದಳು. “ಗೋಸುಂಬೆಗೆ ಶನಿವಾರ ಇದ್ದ ಹಾಗೆ ನಮಗೂ ಶನಿವಾರವೇ ಇದೆ ಮಿಸ್” ಎಂದಳು. ಅವಳ ವಾದದಲ್ಲಿ ನ್ಯಾಯವಿತ್ತು. ಅದನ್ನು ಹೇಳಿಯೇ, ಆದರೂ ಅಂಕಣವು ಮುಚ್ಚಿರುವುದೆಂದು ಹೇಳಿದೆನು. ಪಂದ್ಯದಲ್ಲಿ ಸೋತರೆ ಮುಂದಿನ ವರ್ಷದವರು ಆಡುವರು, ಇದಕ್ಕೆ ಮುಂದಿನ ವಾರವೂ ಇಲ್ಲ ಎಂದೆನು. ಅವಳು ನಮಸ್ಕರಿಸದೆ ಹೊರಟುಹೋದಳು. ಆದರೆ ಗುರುವಾರ ಬೆಳಗಿನ ಜಾವ ಪ್ರಾರ್ಥನಾಂಗಣದ ಎರಡು ಕಂಬಗಳ ನಡುವೆ ಹಗ್ಗ ಕಟ್ಟಿಕೊಂಡು ತಂಡದವರೆಲ್ಲ ಬರಿಗಾಲಿನಲ್ಲಿ ಅಭ್ಯಾಸ ಮಾಡುತ್ತಿದ್ದರು.

ಗುರುವಾರದ ದಿನವು ಹೇಗೆ ಕಳೆಯಿತೋ! ಗಾಳಿಗೆ ಗೋಣಿತಾಟು ಅಲುಗಿದರೂ ಪಾಠದ ನಡುವೆ ಐವತ್ತು ತಲೆಗಳು ಅತ್ತ ತಿರುಗಿ, ಸೂಚನೆ ನೆನಪಾಗಿ ಇತ್ತ ತಿರುಗುತ್ತಿದ್ದವು. ಸಂಜೆ ಮಾಲಿಯು ಕುಡಿಕೆಗೆ ನೀರು ತುಂಬಿ ಬಂದಾಗ, ಕೊಂಬೆಯ ಮೇಲೆ ಪ್ರಾಣಿ ಕಾಣಲಿಲ್ಲ, ಗುಳಿಯು ತೋಳಿನಷ್ಟು ಆಳವಾಗಿದೆ, ಒಳಗಿಂದ ಬಾಲದ ತುದಿ ಮಾತ್ರ ತೋರುತ್ತಿದೆ ಎಂದು ಪಿಸುಮಾತಿನಲ್ಲಿ ಹೇಳಿದನು. ಬಾಲಿಕೆಯು ಆ ರಾತ್ರಿ ಬಸ್ಸಿಗೆ ಹೋಗಲೊಲ್ಲದೆ, ಅಜ್ಜಿಯ ಅಪ್ಪಣೆ ತರಿಸಿಕೊಂಡು, ನಮ್ಮ ವಸತಿಗೃಹದಲ್ಲಿಯೇ ಉಳಿದಳು.

ಶುಕ್ರವಾರ ಬೆಳಗಾಗುವಾಗ ಡ್ರಮ್ಮಿನ ಮಣ್ಣು ಸಮತಟ್ಟಾಗಿತ್ತು. ಅಜ್ಜಿಯು ಹೇಳಿದಂತೆ, ಗುಳಿಯೂ ಇಲ್ಲ, ಗುರುತೂ ಇಲ್ಲ. ಕೊಂಬೆಯ ತಗ್ಗಿನ ಕವಲಿನಲ್ಲಿ, ಮೂಗಿನ ಮೇಲೆ ಇನ್ನೂ ಮಣ್ಣು ಅಂಟಿಕೊಂಡು, ಪಕ್ಕೆಗಳು ಒಳಕ್ಕೆ ಸರಿದು ಎಲೆಯಷ್ಟು ತೆಳ್ಳಗಾಗಿ ಅದು ಕುಳಿತಿತ್ತು. ವೈದ್ಯರು ಹೊಟ್ಟೆಯನ್ನು ಮುಟ್ಟಿ ನೋಡಿ, ಖಾಲಿ ಎಂದರು. ಮೊಟ್ಟೆಗಳೆಷ್ಟು ಎಂದು ನಾವು ಎಣಿಸಲಿಲ್ಲ. ಹೂತಿಟ್ಟ ಮೊಟ್ಟೆಯನ್ನು ತೆಗೆದು ಹೊರಳಿಸಿದರೆ ಒಳಗಿನ ಜೀವಕ್ಕೆ ಅಪಾಯ. ಕುಡಿಕೆಯ ಹನಿಗೆ ಬಾಯೊಡ್ಡಿದ ತಾಯಿಯು ಆ ದಿನ ಪ್ರಾರ್ಥನೆಯ ಗಂಟೆ ಹೊಡೆದು ಮುಗಿದರೂ ಕುಡಿಯುತ್ತಲೇ ಇತ್ತು.

ನಮ್ಮ ತಂಡವು ಎರಡನೆಯ ಪಂದ್ಯದಲ್ಲಿ ಸೋತಿತು. ಅದಕ್ಕೆ ಗೋಸುಂಬೆಯು ಕಾರಣವಲ್ಲ, ಎದುರಿನ ತಂಡದ ಎಡಗೈ ಆಟಗಾರ್ತಿಯೇ ಕಾರಣ ಎಂದು ನಾಯಕಿಯು ಪ್ರಾರ್ಥನಾಸಭೆಯಲ್ಲಿ ಎಲ್ಲರ ಮುಂದೆ ಹೇಳಿದಳು. ನಾನು ಕೇಳಿಕೊಂಡದ್ದಲ್ಲ.

ಚೇತರಿಕೆಗೆ ಆರು ದಿನ ಹಿಡಿಯಿತು. ಮೊದಲು ಬಣ್ಣ ಬಂದಿತು. ಬೆಳಗಿನ ಬಿಸಿಲಿಗೆ ಒಂದು ಪಕ್ಕವನ್ನು ಒಡ್ಡಿ ಕಪ್ಪಾಗುವುದು, ಮೈ ಬೆಚ್ಚಗಾದ ಮೇಲೆ ತಿಳಿಹಸಿರಾಗುವುದು. ಗೋಸುಂಬೆಯ ನಾಲಿಗೆಯು ಅದರ ಮೈಯ ಉದ್ದಕ್ಕಿಂತಲೂ ದೂರ ಚಿಮ್ಮಬಲ್ಲದು. ಆದರೆ ಬಲಗುಂದಿದಾಗ ಮೊದಲು ಸೋಲುವವುಗಳಲ್ಲಿ ಅದೂ ಒಂದು. ಶನಿವಾರ ಮಿಡತೆಯನ್ನು ಕಂಡು ಬಾಯಿ ತೆರೆಯಿತು, ನಾಲಿಗೆ ಹೊರಡಲಿಲ್ಲ. ಭಾನುವಾರ ಹೊರಟಿತು, ಗುರಿ ತಲುಪಲಿಲ್ಲ. ಮಂಗಳವಾರ ಮಿಡತೆಯು ಹೋದದ್ದೇ ಕಾಣಲಿಲ್ಲ. ರಾತ್ರಿ ನಾನೊಮ್ಮೆ ಟಾರ್ಚಿನ ಬೆಳಕನ್ನು ದೂರದಿಂದ ಆಡಿಸಿದಾಗ, ನಿದ್ರಿಸುತ್ತಿದ್ದ ಅದರ ಮೈ ಕತ್ತಲೆಯ ಎಲೆಗಳ ನಡುವೆ ಬಿಳಿಚಿಕೊಂಡು, ತೊಳೆದ ಅರಿವೆಯಂತೆ ಕಂಡಿತು.

ಗುರುವಾರ ಅರಣ್ಯ ರಕ್ಷಕರು ಬಂದರು. ಅಜ್ಜಿಯೇ ಮುಂದೆ ನಡೆದು, ರಸ್ತೆಯಿಂದ ಬಹುದೂರ, ಹೊಲದ ಬದುವಿನ ಹೊಂಗೆಯ ಮರವನ್ನು ತೋರಿಸಿದರು. ಅದನ್ನು ಕೊಂಬೆಯ ಮೇಲೆ ಬಿಟ್ಟಾಗ, ಒಂದು ಹೆಜ್ಜೆ ಮುಂದಿಟ್ಟು, ಅದನ್ನೇ ಹಿಂದಕ್ಕೆಳೆದು, ಮತ್ತೆ ಮುಂದಿಟ್ಟು, ಗಾಳಿಗೆ ತೂಗುವ ಎಲೆಯಂತೆ ತೂಗುತ್ತಾ ಮೇಲೇರಿತು. ಯಾರ ಕಡೆಗೂ ತಿರುಗಲಿಲ್ಲ. ಒಂದು ಕಣ್ಣು ನಮ್ಮ ಮೇಲಿದ್ದಿರಬಹುದು.

ಹಿಂದಿರುಗುವಾಗ ಬಾಲಿಕೆಯು ಬಹಳ ಹೊತ್ತು ಮಾತನಾಡಲಿಲ್ಲ. ಆಮೇಲೆ, “ಅದಕ್ಕೆ ನನ್ನ ಗುರುತು ಇತ್ತಾ ಮಿಸ್?” ಎಂದು ಕೇಳಿದಳು. ಇದ್ದೀತೆಂದು ಹೇಳಿಬಿಡುವುದು ಸುಲಭವಾಗಿತ್ತು. ಇದ್ದಿರಲಾರದು ಎಂದೇ ಹೇಳಿದೆನು. ಅವಳು ತಲೆಯಾಡಿಸಿ, ಮಂಕರಿಯನ್ನು ಅಜ್ಜಿಯ ಕೈಗೆ ಕೊಟ್ಟು, ಮುಂದೆ ಮುಂದೆ ನಡೆದಳು.

ಡ್ರಮ್ಮು ಈಗಲೂ ಬಾವಿಯ ಬಳಿಯೇ ಇದೆ. ಅರಣ್ಯ ಇಲಾಖೆಯವರು ತಮ್ಮ ದಾಖಲೆಯಲ್ಲಿ ಬರೆದುಕೊಂಡು ಹಾಗೆಯೇ ಬಿಡಲು ಹೇಳಿದ್ದಾರೆ. ಗೋಸುಂಬೆಯ ಮೊಟ್ಟೆಗಳು ಅವಸರದವಲ್ಲ. ಮಡಗಾಸ್ಕರದ ಲ್ಯಾಬೋರ್ಡನ ಗೋಸುಂಬೆಯೆಂಬುದು ಎಂಟೊಂಬತ್ತು ತಿಂಗಳು ಮೊಟ್ಟೆಯಲ್ಲಿಯೇ ಇದ್ದು, ಹೊರಬಂದ ಮೇಲೆ ನಾಲ್ಕೈದು ತಿಂಗಳು ಮಾತ್ರ ಬಾಳುವುದಂತೆ. ನಮ್ಮವು ಈ ಸಂಚಿಕೆಯು ಅಚ್ಚಿಗೆ ಹೋಗುವ ಮಾರ್ಚ್ ತಿಂಗಳಿನಲ್ಲಿ ಇನ್ನೂ ಮಣ್ಣಿನೊಳಗೇ ಇವೆ. ಪ್ರತಿ ಶನಿವಾರ ಶಾಲೆ ಬಿಟ್ಟ ಮೇಲೆ ಆ ಬಾಲಿಕೆಯು ಮಣ್ಣನ್ನು ಬೆರಳಿನಿಂದ ಮುಟ್ಟಿ ನೋಡಿ, ಒಣಗಿದ್ದರೆ ನೀರು ಚಿಮುಕಿಸುತ್ತಾಳೆ. ಬೆಕ್ಕು ಮುಂಗುಸಿಗಳು ಬಾರದಂತೆ ಸಣ್ಣ ಕಣ್ಣಿನ ತಂತಿಬಲೆಯನ್ನು ಹೊದಿಸಿದೆ. ಥ್ರೋಬಾಲ್ ಅಂಕಣವನ್ನು ಹನ್ನೆರಡು ಹೆಜ್ಜೆ ಪೂರ್ವಕ್ಕೆ ಸರಿಸಿ, ಹೊಸದಾಗಿ ಸುಣ್ಣದ ಗೆರೆ ಹಾಕಿಸಲಾಗಿದೆ.